ಮದುವೆ ಲಂಗದ ಅಳತೆ

ಮುನಿಲಕ್ಷ್ಮಿಯ ರೆಕಾರ್ಡ್ ಪುಸ್ತಕದಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದ ಒಂದು ಷರಾ ಇದೆ: ‘ಅಳತೆ ತೆಗೆಯುವಾಗ ಗಮನವಿಲ್ಲ. ಕೊನೆಯ ವರ್ಷಕ್ಕೆ ಬಂದ ಮೇಲೂ ಇಂಥ ತಪ್ಪು ಸಲ್ಲದು.’ ಕೆಳಗೆ ನನ್ನ ಸಹಿ, ಅಕ್ಟೋಬರ್ ತಿಂಗಳ ಒಂದು ತಾರೀಖು. ತಪ್ಪು ಅವಳದಾಗಿರಲಿಲ್ಲ. ಅದು ನನಗೆ ತಿಳಿಯುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು.

ಕೋಲಾರದ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಓದುವ ಹುಡುಗಿಯರಿಗೆ ನಾನು ಅಳತೆ, ಕಟಿಂಗ್, ಹೊಲಿಗೆ ಕಲಿಸುತ್ತೇನೆ. ಹೆಸರು ಅನಸೂಯಮ್ಮ, ಹುಡುಗಿಯರಿಗೆ ಬರೀ ಮೇಡಂ. ಹತ್ತೊಂಬತ್ತು ವರ್ಷದಲ್ಲಿ ನೂರಾರು ಮಂದಿ ಬಂದು ಹೋದರು. ಕೆಲವರು ಗಾರ್ಮೆಂಟ್ಸ್ ಸೇರಿದರು, ಕೆಲವರು ಅಂಗಡಿ ಇಟ್ಟರು, ಬಹಳಷ್ಟು ಮಂದಿ ಮದುವೆಯಾಗಿ ಕತ್ತರಿ ಮರೆತರು. ಮುನಿಲಕ್ಷ್ಮಿಯಂಥವಳು ಮಾತ್ರ ನನಗೆ ಇನ್ನೊಬ್ಬಳು ಸಿಕ್ಕಿಲ್ಲ.

ಅವಳು ದೇವರಾಯಸಮುದ್ರದವಳು. ತಾಯಿ ಬಚ್ಚಮ್ಮ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ, ಸ್ಕೂಲ್ ಯೂನಿಫಾರಂ ಹೊಲಿಯುತ್ತಾರೆ. ತಂದೆ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ. ಮುನಿಲಕ್ಷ್ಮಿ ಕುಳ್ಳಗೆ, ಗಟ್ಟಿಮುಟ್ಟಾದ ಹುಡುಗಿ. ಮಾತು ಕಡಿಮೆ. ಮುಳಬಾಗಿಲು ಕಡೆಯಿಂದ ಬರುವ ಬಸ್ಸಿನಲ್ಲಿ ನಿಂತು ಬರುವಾಗ ಎದುರಿಗೆ ಕೂತವರ ಹೆಗಲನ್ನೇ ನೋಡುತ್ತಾಳೆ. ಕ್ಲಾಸಿಗೆ ಬಂದು, ‘ಮೇಡಂ, ಇವತ್ತು ಬಸ್ಸಲ್ಲಿ ಒಬ್ಬರಿಗೆ ಎಡ ಹೆಗಲು ಒಂದಿಂಚು ಕೆಳಗೈತೆ. ಅವರಿಗೆ ಬ್ಲೌಸ್ ಹೊಲಿದವರು ನೋಡೇ ಇಲ್ಲ’ ಎಂದು ಹೇಳುವಳು. ಒಂದು ಹೊಲಿಗೆ ಸೊಟ್ಟಗಾದರೆ ನಾನು ಸಾಕು ಎಂದರೂ ಬಿಡದೆ ಮೂರು ಸಲ ಬಿಚ್ಚಿ ಹೊಲಿಯುವಳು.

ಕೊನೆಯ ವರ್ಷದಲ್ಲಿ ನಮ್ಮಲ್ಲಿ ಪ್ರತಿಯೊಬ್ಬಳೂ ಒಬ್ಬ ನಿಜವಾದ ಗಿರಾಕಿಗೆ ಒಂದು ಉಡುಪನ್ನು ತಾನೇ ಯೋಚಿಸಿ, ಚಿತ್ರ ಬರೆದು, ಕತ್ತರಿಸಿ, ಹೊಲಿದು ಮುಗಿಸಬೇಕು. ಮೂರು ಸಲ ಅಳತೆ ತೆಗೆಯಬೇಕು. ಪ್ರತಿ ಸಲವೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆದು ನನ್ನಿಂದ ಸಹಿ ಮಾಡಿಸಬೇಕು. ಮಾರ್ಚಿನಲ್ಲಿ ಹೊರಗಿನವರು ಬಂದು ಅಂಕ ಕೊಡುತ್ತಾರೆ. ಮುನಿಲಕ್ಷ್ಮಿಗೆ ಗಿರಾಕಿ ಹುಡುಕಿಕೊಟ್ಟವರು ಭಾರತಮ್ಮ. ಅವಳ ಊರಿನವರೇ, ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋದವರು. ಅಲ್ಲಿ ಮಾವಿನ ಮಂಡಿ ನಡೆಸುವ ದೊಡ್ಡನಾರಾಯಣಪ್ಪನವರ ಮನೆಯಲ್ಲಿ ಮದುವೆ ಇದೆ, ಹುಡುಗಿಗೆ ಲಂಗ, ಬ್ಲೌಸು, ದಾವಣಿ ಬೇಕು, ರೇಷ್ಮೆ ಅವರೇ ಕೊಡುತ್ತಾರೆ ಎಂದರು.

ಆಗಸ್ಟಿನಲ್ಲಿ ಮುನಿಲಕ್ಷ್ಮಿ ಮೊದಲ ಸಲ ಆ ಮನೆಗೆ ಹೋದಳು. ಹೊಸ ಮನೆ, ಅಂಗಳಕ್ಕೆಲ್ಲ ಟೈಲ್ಸು, ಹಿಂದೆ ತೋಟ. ದೊಡ್ಡನಾರಾಯಣಪ್ಪನವರ ಹೆಂಡತಿ ರಮಾದೇವಿ ಒಳಗೆ ಕರೆದು ಕಾಫಿ ಕೊಟ್ಟರು. ಮದುವೆ ಹುಡುಗಿ ಮೌನಿಕಾ ಅವರ ತಂಗಿಯ ಮಗಳು. ತಂಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಹುಡುಗಿಯ ತಂದೆ ಮದನಪಲ್ಲಿ ಕಡೆ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಮದುವೆ ಗಂಡು ಮೂರ್ತಿ, ರಮಾದೇವಿಯ ತಮ್ಮ, ಎಂದರೆ ಹುಡುಗಿಗೆ ಸೋದರಮಾವ. ವಯಸ್ಸು ಮೂವತ್ತೊಂದು.

‘ಹುಡುಗಿಗೆಷ್ಟು ವಯಸ್ಸು?’ ಎಂದು ಪುಸ್ತಕ ತೆರೆದು ಮುನಿಲಕ್ಷ್ಮಿ ಕೇಳಿದಳು. ಆ ಪುಟದಲ್ಲಿ ವಯಸ್ಸಿಗೂ ಒಂದು ಕಾಲಂ ಇರುತ್ತದೆ.

‘ಹತ್ತೊಂಬತ್ತು ಬರ್ಕೊ’ ಎಂದರು ರಮಾದೇವಿ.

ಮೌನಿಕಾ ಬಂದು ನಿಂತಳು. ತೆಳ್ಳನೆಯ ಹುಡುಗಿ, ಹಣೆಯಲ್ಲಿ ಸಣ್ಣ ಕಪ್ಪು ಬೊಟ್ಟು. ಎರಡೂ ಕೈಯನ್ನು ತೊಡೆಗೆ ಅಂಟಿಸಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತಳು. ಟೇಪು ಕುತ್ತಿಗೆಗೆ ತಾಗಿದಾಗ ಸ್ವಲ್ಪ ಹಿಂದೆ ಸರಿದಳು.

‘ನಿಟಾರ್‌ಗಾ ನಿಲ್ಚೋ’ ಎಂದರು ರಮಾದೇವಿ ತೆಲುಗಿನಲ್ಲಿ. ಹುಡುಗಿ ನೆಟ್ಟಗಾದಳು.

ಯಾವ ಬಣ್ಣ ಇಷ್ಟ ಎಂದು ಕೇಳಿದರೆ ದೊಡ್ಡಮ್ಮನ ಮುಖ ನೋಡಿದಳು. ಉತ್ತರವೂ ದೊಡ್ಡಮ್ಮನದೇ. ಕುತ್ತಿಗೆ ಎಷ್ಟು ಆಳ, ತೋಳು ಎಷ್ಟುದ್ದ, ಎಲ್ಲಕ್ಕೂ ಅವರೇ ಹೇಳಿದರು. ಸೊಂಟದಿಂದ ಪಾದದವರೆಗೆ ಮೂವತ್ತೇಳು ಇಂಚು. ಮುನಿಲಕ್ಷ್ಮಿ ಎರಡು ಸಲ ಅಳೆದು ಬರೆದುಕೊಂಡಳು.

ಆ ಲಂಗಕ್ಕೆ ಅವಳು ಮಾಡಿದ ಯೋಚನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಶ್ರೀನಿವಾಸಪುರದಲ್ಲಿ ಎಲ್ಲಿ ನೋಡಿದರೂ ಮಾವಿನ ತೋಟ. ಆದರೆ ಹಣ್ಣನ್ನೂ ಕಾಯನ್ನೂ ಅವಳು ಬಿಟ್ಟಳು. ಚಿಗುರನ್ನು ತೆಗೆದುಕೊಂಡಳು. ಮಾವು ಚಿಗುರುವಾಗ ಎಲೆ ತಾಮ್ರದ ಬಣ್ಣಕ್ಕೆ ಇರುತ್ತದಲ್ಲ, ಆ ಬಣ್ಣ ಸೊಂಟದ ಹತ್ತಿರ. ಕೆಳಗೆ ಇಳಿದಂತೆ ತಿಳಿಹಸಿರು. ಅಂಚಿಗೆ ಬರುವಾಗ ಬಲಿತ ಎಲೆಯ ಕಡುಹಸಿರು. ಹನ್ನೆರಡು ಪಟ್ಟಿ ಜೋಡಿಸಿದ ಲಂಗ. ಮೇಲೆ ಆರಿ ಕಸೂತಿಯಲ್ಲಿ ಒಂದೊಂದೇ ಎಲೆ. ಚಿತ್ರ ನೋಡಿ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ.

ಅಕ್ಟೋಬರಿನಲ್ಲಿ ಎರಡನೆಯ ಅಳತೆ. ರೇಷ್ಮೆ ಕತ್ತರಿಸುವ ಮೊದಲು ನಾವು ಅಗ್ಗದ ಬಿಳಿ ಬಟ್ಟೆಯಲ್ಲಿ ಹೊಲಿದು ಹಾಕಿ ನೋಡುತ್ತೇವೆ. ಆ ಬಿಳಿ ಲಂಗವನ್ನು ಮೌನಿಕಾಗೆ ಹಾಕಿದಾಗ ಕೆಳಗೆ ಅರ್ಧ ಇಂಚು ಗಿಡ್ಡವಾಗಿತ್ತು. ಟೇಪು ಹಿಡಿದರೆ ಮೂವತ್ತೇಳೂವರೆ. ಮುನಿಲಕ್ಷ್ಮಿ ಮತ್ತೊಮ್ಮೆ ಅಳೆದಳು, ಅಷ್ಟೇ ಬಂತು. ಹೆಗಲು ನೋಡಿದಳು, ಅದೂ ಕಾಲಿಂಚು ಹೆಚ್ಚಿತ್ತು. ‘ಹೋದ ಸಲ ನಾನು ತಪ್ಪು ತೆಗ್ದಿದೀನಿ ರಮಕ್ಕ’ ಎಂದಳು.

ರಮಾದೇವಿ ಬೇಸರ ಮಾಡಿಕೊಳ್ಳಲಿಲ್ಲ. ‘ಹೋಗ್ಲಿ ಬಿಡು. ಒಳಗಡೆ ನಾಲ್ಕಿಂಚು ಬಟ್ಟೆ ಮಡಚಿ ಬಿಡು. ಬ್ಲೌಸಿಗೂ ಪಕ್ಕದಲ್ಲಿ, ತೋಳಲ್ಲಿ ಜಾಸ್ತಿ ಬಿಡು’ ಎಂದರು.

ಕಾಲೇಜಿಗೆ ಬಂದು ಪುಸ್ತಕ ತೋರಿಸಿದಾಗ ನಾನು ಆ ಕೆಂಪು ಷರಾ ಬರೆದದ್ದು. ಅವಳು ಮುಖ ಬಾಡಿಸಿಕೊಂಡು ನಿಂತಳು. ಆಮೇಲೆ ಲ್ಯಾಬಿಗೆ ಹೋಗಿ ತನ್ನ ಟೇಪನ್ನು ಸ್ಟೀಲ್ ಸ್ಕೇಲಿನ ಪಕ್ಕದಲ್ಲಿ ಇಟ್ಟು ಒಂದೊಂದೇ ಇಂಚು ಹೊಂದಿಸಿ ನೋಡಿದಳಂತೆ. ಟೇಪು ಸರಿಯಾಗಿಯೇ ಇತ್ತು.

ನವೆಂಬರಿನ ಒಂದು ಭಾನುವಾರ ಮನೆಯಲ್ಲಿ ಅವಳು ಆರಿ ಚೌಕಟ್ಟಿನ ಮುಂದೆ ಕೂತು ಎಲೆ ಹಾಕುತ್ತಿದ್ದಳು. ಪಕ್ಕದಲ್ಲಿ ಬಚ್ಚಮ್ಮ ಯಾರದೋ ಮಗಳ ಯೂನಿಫಾರಂ ಲಂಗದ ಅಂಚು ಮಡಚುತ್ತಿದ್ದರು. ಮಡಿಕೆ ದಪ್ಪವಾಗಿತ್ತು.

‘ಅಮ್ಮಾ, ಮದುವೆ ಲಂಗಕ್ಕೆ ಕೆಳಗೆ ನಾಲ್ಕಿಂಚು ಮಡಚಿ ಬಿಡೂಂತ ಯಾಕೆ ಹೇಳ್ತಾರೆ?’

ಬಚ್ಚಮ್ಮ ತಲೆ ಎತ್ತಲಿಲ್ಲ. ‘ಪಕ್ಕದಲ್ಲಿ ಬಿಡೂಂತ ಹೇಳಿರ್ತಾರೆ ಕಣೇ. ಮದುವೆ ಆದ್ಮೇಲೆ ಮೈ ಬರುತ್ತೆ.’

‘ಪಕ್ಕದಲ್ಲೂ ಹೇಳವ್ರೆ. ಕೆಳಗೂ ಹೇಳವ್ರೆ.’

‘ಕೆಳಗೆ ಯಾಕೆ? ಕೆಳಗೆ ಬಿಡೋದು ಬೆಳೆಯೋ ಮಕ್ಕಳಿಗೆ’ ಎಂದ ಬಚ್ಚಮ್ಮನ ಕಾಲು ಮೆಷಿನ್ ಮೇಲೆ ನಿಂತುಬಿಟ್ಟಿತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಬಚ್ಚಮ್ಮ ಮತ್ತೆ ಮೆಷಿನ್ ತುಳಿದರು.

ಮುನಿಲಕ್ಷ್ಮಿ ಆಮೇಲೂ ಎಲೆ ಹಾಕುತ್ತಲೇ ಹೋದಳು. ಅದನ್ನು ಅವಳೇ ನನ್ನ ಹತ್ತಿರ ಒಪ್ಪಿಕೊಂಡಿದ್ದಾಳೆ. ‘ಅನುಮಾನ ಬಂದಿತ್ತು ಮೇಡಂ. ಆದ್ರೂ ಹೊಲಿಗೆ ನಿಲ್ಲಿಸ್ಲಿಲ್ಲ. ಅಷ್ಟು ಚೆನ್ನಾಗಿ ಬರ್ತಾ ಇತ್ತು.’

ಸಂಕ್ರಾಂತಿಯಾದ ವಾರ ಮೂರನೆಯ ಅಳತೆ. ಮದುವೆ ಫೆಬ್ರವರಿ ಕೊನೆಗೆ ಎಂದಿದ್ದರು. ಈ ಸಲ ಮೂವತ್ತೆಂಟು ಇಂಚು. ಟೇಪಿನ ಮೇಲೆ ಹೆಬ್ಬೆರಳು ಒತ್ತಿಕೊಂಡು ಮುನಿಲಕ್ಷ್ಮಿ ಮಂಡಿಯೂರಿದ ಹಾಗೆಯೇ ಉಳಿದಳು. ಮೇಲೆ ನೋಡಲು ಧೈರ್ಯ ಬರಲಿಲ್ಲ. ಬಾಗಿಲಲ್ಲಿ ರಮಾದೇವಿ ನಿಂತಿದ್ದರು. ಅವರು ಒಂದು ದಿನವೂ ಹುಡುಗಿಯನ್ನು ಇವಳ ಜೊತೆ ಒಂಟಿಯಾಗಿ ಬಿಟ್ಟವರಲ್ಲ. ಆದರೆ ಆವತ್ತು ಪಾತ್ರೆ ಬಾಡಿಗೆಯವರು ಬಂದು ಹೊರಗಿನಿಂದ ಕೂಗಿದರು. ರಮಾದೇವಿ ಒಂದು ಗಳಿಗೆ ಯೋಚಿಸಿ ಹೊರಗೆ ಹೋದರು.

ಮೌನಿಕಾ ಬಗ್ಗಿ ಅವಳ ಕಿವಿಯ ಹತ್ತಿರ ಬಂದಳು. ‘ಅಕ್ಕಾ, ಇದು ಹೊಲಿದು ಮುಗೀದೇ ಇರೋ ಹಂಗೆ ಮಾಡಕ್ಕಾಗಲ್ವಾ?’

ಐದು ತಿಂಗಳಲ್ಲಿ ಆ ಹುಡುಗಿಯ ಬಾಯಿಂದ ಬಂದ ಮೊದಲ ಮಾತು ಅದು.

‘ನಿನಗೆ ವಯಸ್ಸೆಷ್ಟು?’

‘ಒಂಬತ್ತನೇ ಕ್ಲಾಸು. ದಸರಾ ಆದ್ಮೇಲೆ ಕಳಿಸ್ಲಿಲ್ಲ.’

‘ಯಾವ ಸ್ಕೂಲು?’

‘ಇಲ್ಲಿ ಸೇರಿಸಿದ್ರು. ಮೊದ್ಲು ಅಮ್ಮ ಇದ್ದಾಗ ನಂಗಲೀಲಿ. ಏಳನೇದರವರೆಗೂ ಅಲ್ಲೇ.’ ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ಹುಡುಗಿ ಕೈ ತೊಡೆಗೆ ಅಂಟಿಸಿಕೊಂಡು ನೆಟ್ಟಗೆ ನಿಂತಳು.

ರಮಾದೇವಿ ಬಂದು ಇಬ್ಬರ ಮುಖವನ್ನೂ ನೋಡಿದರು. ‘ಎಷ್ಟು ಬಂತು?’

‘ಮೂವತ್ತೇಳೂವರೆ’ ಎಂದು ಸುಳ್ಳು ಹೇಳಿ ಮುನಿಲಕ್ಷ್ಮಿ ಟೇಪು ಸುತ್ತಿಕೊಂಡಳು. ಪುಸ್ತಕದಲ್ಲಿ ಮಾತ್ರ ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಮೂವತ್ತೆಂಟು ಎಂದೇ ಬರೆದಳು.

ಮಾರನೆಯ ದಿನ ಅವಳು ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆ ಮೂರು ಪುಟಗಳನ್ನೂ ಬಿಡಿಸಿಟ್ಟಳು. ‘ಮೇಡಂ, ದೊಡ್ಡವರಾದ ಹೆಂಗಸರಿಗೆ ಸುತ್ತಳತೆ ಬದಲಾಗುತ್ತೆ, ಉದ್ದ ಬದಲಾಗಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು.’

ನಾನು ನೋಡಿದೆ. ಅರ್ಥವಾಯಿತು. ನನ್ನ ಕೆಂಪು ಷರಾ ನನ್ನನ್ನೇ ನೋಡುತ್ತಿತ್ತು. ಆದರೂ ನಾನು ಹೇಳಿದ್ದೇನು? ‘ದೊಡ್ಡವರ ಮನೆ ಮುನಿಲಕ್ಷ್ಮಿ. ನಿನ್ನ ಮಾರ್ಚ್ ಪರೀಕ್ಷೆ ಹತ್ತಿರ ಬಂತು. ಮೊದಲು ಇದನ್ನ ಮುಗಿಸು, ಆಮೇಲೆ ಯೋಚನೆ ಮಾಡೋಣ.’ ಅವಳು ಪುಸ್ತಕ ಮುಚ್ಚಿಕೊಂಡು ಹೋದಳು. ಆ ನಡಿಗೆಯನ್ನು ನಾನು ಬಹಳ ದಿನ ಮರೆಯಲಿಲ್ಲ.

ಮನೆಯಲ್ಲಿ ಬಚ್ಚಮ್ಮನೂ ಮೊದಲು ಅದನ್ನೇ ಹೇಳಿದರು. ‘ನಮಗ್ಯಾಕಮ್ಮ ಅವರ ಮನೆ ಉಸಾಬರಿ?’ ಮುನಿಲಕ್ಷ್ಮಿ ಊಟಕ್ಕೆ ಕೂತಳು. ಮುದ್ದೆ ತಟ್ಟೆಗೆ ಹಾಕುತ್ತಾ ಬಚ್ಚಮ್ಮ ಇದ್ದಕ್ಕಿದ್ದಂತೆ ಮಾತು ತೆಗೆದರು.

‘ನನ್ನ ಮದುವೆ ರವಿಕೆಗೆ ನಮ್ಮಜ್ಜಿ ಪಕ್ಕದಲ್ಲಿ ಮೂರು ಹೊಲಿಗೆ ಹಾಕ್ಸಿದ್ಲು. ನಾನೂ ಆಗ ಬೆಳೆಯೋ ಹುಡುಗೀನೇ. ವರ್ಷಕ್ಕೊಂದು ಬಿಚ್ಚಿದೆ. ಮೂರನೇದು ಬಿಚ್ಚೋಷ್ಟೊತ್ತಿಗೆ ನೀನು ಹೊಟ್ಟೇಲಿದ್ದೆ.’ ಸಾರು ಬಡಿಸಿದರು. ಎದ್ದು ಹೋಗುವಾಗ ಬೆನ್ನು ತಿರುಗಿಸಿಕೊಂಡೇ, ‘ಫೋನ್ ಮಾಡೋದಾದ್ರೆ ಮನೆಯಿಂದ ಮಾಡಬೇಡ’ ಎಂದರು.

ಕೋಲಾರ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ಮುನಿಲಕ್ಷ್ಮಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಹೆಸರು ಹೇಳಲಿಲ್ಲ, ಮನೆ ಯಾವುದು ಎಂದು ಹೇಳಿದಳು. ಎರಡೇ ದಿನದಲ್ಲಿ ಅಧಿಕಾರಿಗಳು ಆ ಮನೆಗೆ ಹೋದರು. ರಮಾದೇವಿ ಅವರಿಗೂ ಕಾಫಿ ಕೊಟ್ಟರು. ‘ಮದುವೆ ಅಂತ ಯಾರು ಹೇಳಿದ್ದು? ಹುಡುಗಿ ದೊಡ್ಡವಳಾದ್ಲಲ್ಲ, ದಾವಣಿ ಶಾಸ್ತ್ರ ಮಾಡ್ತಾ ಇದೀವಿ. ತಾಯಿ ಇಲ್ಲದ ಮಗು. ಲಂಗ ಹೊಲಿಸ್ತಾ ಇರೋದೂ ಅದಕ್ಕೇ’ ಎಂದರು. ಲಗ್ನಪತ್ರಿಕೆ ಎಲ್ಲೂ ಅಚ್ಚಾಗಿರಲಿಲ್ಲ. ಮೌನಿಕಾಳನ್ನು ಕೇಳಿದರೆ, ಹೌದು ದಾವಣಿ ಶಾಸ್ತ್ರ ಎಂದಳು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು, ಹುಡುಗಿಯನ್ನು ಶಾಲೆಗೆ ಕಳಿಸಬೇಕೆಂದು ಹೇಳಿ ಅವರು ಹೊರಟರು. ಅಷ್ಟರ ಮೇಲೆ ಮಾಡಲು ಅವತ್ತು ಅವರ ಕೈಯಲ್ಲಿ ಏನೂ ಇರಲಿಲ್ಲ.

ಆ ಸಂಜೆಯೇ ಮುನಿಲಕ್ಷ್ಮಿಗೆ ಫೋನ್ ಬಂತು.

‘ಮುನೀ, ಲಂಗ ಎಲ್ಲಿಗೆ ಬಂತು?’ ರಮಾದೇವಿಯ ದನಿ ಎಂದಿನ ಹಾಗೆಯೇ ಇತ್ತು.

‘ಅಂಚು ಬಾಕಿ ಐತೆ ರಮಕ್ಕ.’

‘ಬರೋ ಶುಕ್ರವಾರಕ್ಕೆ ಬೇಕು. ಬೆಳಿಗ್ಗೆ ನೀನೇ ಬಂದು ಉಡಿಸ್ಬೇಕು. ಎಂಟೂವರೆಗೆ ನಾವು ಇಲ್ಲಿಂದ ಹೊರಡ್ತೀವಿ, ಗಡಿ ಆಚೆ ನಮ್ಮ ಮನೆದೇವರ ಗುಡಿಗೆ. ನೀನೂ ನಮ್ ಜೊತೆ ಬರ್ತೀಯ. ಶಾಸ್ತ್ರ ಮುಗಿಯೋವರ್ಗೂ ನಮ್ ಕಣ್ಣೆದುರಿಗೇ ಇರ್ತೀಯ. ಆಯ್ತಾ ಅಮ್ಮಾಯಿ?’

ಯಾವ ಶಾಸ್ತ್ರ ಎಂದು ಅವರು ಹೇಳಲಿಲ್ಲ. ಇವಳು ಕೇಳಲಿಲ್ಲ.

ಮುನಿಲಕ್ಷ್ಮಿ ಮತ್ತೆ ನನ್ನ ಹತ್ತಿರ ಬಂದಳು. ಈ ಸಲ ನಾನು ಬ್ಯಾಗು ಎತ್ತಿಕೊಂಡೆ. ಇಬ್ಬರೂ ಮಕ್ಕಳ ರಕ್ಷಣೆಯ ಜಿಲ್ಲಾ ಕಚೇರಿಗೆ ಹೋದೆವು. ಅಲ್ಲಿದ್ದ ಮಹಿಳಾ ಅಧಿಕಾರಿಯ ಮುಂದೆ ರೆಕಾರ್ಡ್ ಪುಸ್ತಕ ಇಟ್ಟು, ಮೂವತ್ತೇಳು, ಮೂವತ್ತೇಳೂವರೆ, ಮೂವತ್ತೆಂಟು ಎಂದು ಬೆರಳಿಟ್ಟು ತೋರಿಸಿದೆ. ಏನಿದು ಎಂದು ಅವರು ಕೇಳಿದರು. ಐದು ತಿಂಗಳಲ್ಲಿ ಹುಡುಗಿಯ ಕಾಲಿನ ಉದ್ದ ಒಂದಿಂಚು ಬೆಳೆದಿದೆ ಎಂದೆ. ಆಮೇಲೆ ನನ್ನ ಷರಾವನ್ನೂ ತೋರಿಸಿದೆ, ಮುಚ್ಚಿಡಲು ಮನಸ್ಸಾಗಲಿಲ್ಲ. ಅವರು ನಂಗಲಿಯ ಶಾಲೆಗೆ ಫೋನ್ ಮಾಡಿದರು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ದಾಖಲಾತಿ ಪುಸ್ತಕ ತೆಗೆದು ಹುಟ್ಟಿದ ತಾರೀಖು ಓದಿದರು. ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ ನಾಲ್ಕು ತಿಂಗಳು.

ಅಧಿಕಾರಿ ಪೆನ್ನು ಕೆಳಗಿಟ್ಟು ಮುನಿಲಕ್ಷ್ಮಿಯನ್ನು ನೋಡಿದರು. ‘ಶುಕ್ರವಾರ ಎಂಟು ಗಂಟೆಗೆ ಪೊಲೀಸರನ್ನ ಕರ್ಕೊಂಡು ಬರ್ತೀವಿ. ಈ ಸಲ ಬರೆಸಿಕೊಂಡು ವಾಪಸ್ ಬರಲ್ಲ. ಅದಕ್ಕಿಂತ ಮುಂಚೆ ಅವರಿಗೆ ಸುಳಿವು ಸಿಕ್ಕಿದ್ರೆ ಹುಡುಗಿ ಎಲ್ಲಿಗೆ ಹೋಗ್ತಾಳೋ ಗೊತ್ತಿಲ್ಲ. ನೀನು ಹೋಗ್ತೀಯಾ ಅಲ್ಲಿಗೆ?’

‘ಹೋಗ್ತೀನಿ. ಇಲ್ಲಾಂದ್ರೆ ಅವರಿಗೆ ಗೊತ್ತಾಗುತ್ತೆ’ ಎಂದಳು ಮುನಿಲಕ್ಷ್ಮಿ.

ಉಳಿದ ನಾಲ್ಕು ದಿನ ಅವಳು ಲಂಗ ಮುಗಿಸಿದಳು. ಲ್ಯಾಬಿನಲ್ಲಿ ನನ್ನ ಕಣ್ಣೆದುರಿಗೇ ಅಂಚು ಹೊಲಿದಳು. ಬೇಕೆಂದೇ ಏನಾದರೂ ಕೆಡಿಸುತ್ತಾಳೇನೋ ಎಂದು ನಾನು ನೋಡುತ್ತಿದ್ದೆ. ಇಲ್ಲ. ಅವಳ ಕೈಗೆ ಕೆಟ್ಟದಾಗಿ ಹೊಲಿಯಲು ಬರುತ್ತಲೇ ಇರಲಿಲ್ಲ. ಬಣ್ಣ ಬಣ್ಣಕ್ಕೆ ಸೇರಿ, ಎಲೆ ಎಲೆಯೂ ಗಾಳಿಗೆ ಅಲುಗಿದಂತೆ, ನಾನು ಹತ್ತೊಂಬತ್ತು ವರ್ಷದಲ್ಲಿ ಕಂಡ ಅತ್ಯಂತ ಚೆಂದದ ಲಂಗ ಅದು. ಅದನ್ನು ಮಡಚಿ ಚೀಲಕ್ಕೆ ಹಾಕುವಾಗ ಇಬ್ಬರಿಗೂ ಮುಟ್ಟಲು ಮನಸ್ಸಿರಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೆ ಹೋಗುವುದು ಎಂದು ಅವಳು ಹೊರಟು ನಿಂತಿದ್ದಳು. ಅದಕ್ಕೂ ಮುಂಚೆಯೇ ದೇವರಾಯಸಮುದ್ರದ ಅವರ ಮನೆ ಮುಂದೆ ಒಂದು ಬಿಳಿ ಕಾರು ಬಂದು ನಿಂತಿತು. ಕಾರಿನಲ್ಲಿ ಮೂರ್ತಿ ಒಬ್ಬನೇ ಇದ್ದ. ಮುನಿಲಕ್ಷ್ಮಿ ಅವನನ್ನು ನೋಡಿದ್ದು ಅದೇ ಮೊದಲು. ಶುಭ್ರವಾದ ಬಿಳಿ ಪಂಚೆ, ಅಂಗಿ. ಬಚ್ಚಮ್ಮನಿಗೆ ಕೈ ಮುಗಿದ.

‘ಅಕ್ಕ ಕಳಿಸಿದ್ಲಮ್ಮಾ. ಬಸ್ಸಲ್ಲಿ ರೇಷ್ಮೆ ಸುಕ್ಕಾಗುತ್ತೆ ಅಂದ್ಲು’ ಎಂದು ಬಾಗಿಲು ತೆಗೆದು ಹಿಡಿದ. ‘ಬೆಲ್ಟ್ ಹಾಕ್ಕೊಮ್ಮ’ ಎಂದು ಮೆಲ್ಲಗೆ ಹೇಳಿದ. ದಾರಿಯಲ್ಲಿ ಒಂದೇ ಒಂದು ಸಲ ಕನ್ನಡಿಯಲ್ಲಿ ನೋಡಿ, ‘ಯಾರೋ ಆಫೀಸರ್‌ಗಳಿಗೆ ಫೋನ್ ಮಾಡಿದ್ರಂತೆ. ನಿಮಗೇನಾದ್ರೂ ಗೊತ್ತಾ?’ ಎಂದ. ‘ಇಲ್ಲಣ್ಣ’ ಎಂದಳು. ‘ಹ್ಞೂಂ’ ಎಂದು ಮುಂದಿನ ರಸ್ತೆ ನೋಡಿದ.

ಮನೆಯಲ್ಲಿ ರಮಾದೇವಿ ಬಾಗಿಲಲ್ಲೇ ಕೈ ಚಾಚಿದರು. ‘ಫೋನ್ ಕೊಡು. ಯಾರೂ ಫೋಟೋ ತೆಗೆಯೋದು ಬೇಡಾಂತ ನಮ್ಮೆಜಮಾನ್ರು ಹೇಳವ್ರೆ. ಹೊರಡೋದು ಏಳೂವರೆಗೆ. ಬೇಗ ಉಡಿಸು.’

ಗೋಡೆಯ ಗಡಿಯಾರದಲ್ಲಿ ಆರೂ ಮುಕ್ಕಾಲು. ಅಧಿಕಾರಿಗಳು ಬರುವುದು ಎಂಟಕ್ಕೆ. ಅದನ್ನು ನಮಗೆ ತಿಳಿಸಲು ಅವಳಿಗೆ ದಾರಿಯೇ ಇರಲಿಲ್ಲ. ಕೋಲಾರದಲ್ಲಿ ನಾನು ಅವಳ ಫೋನಿಗೆ ಮಾಡಿ ಮಾಡಿ, ಅದು ಬಂದ್ ಆಗಿದೆ ಎಂದು ಕೇಳಿ, ಕೂತಲ್ಲಿ ಕೂರಲಾಗದೆ ಅಧಿಕಾರಿಯ ಕಚೇರಿಗೆ ಓಡಿದೆ. ಅವರಿಗೂ ಏನೋ ಅನ್ನಿಸಿರಬೇಕು; ಜೀಪು ಆಗಲೇ ಹೊರಟಿತ್ತು.

ಒಳಗೆ ಮುನಿಲಕ್ಷ್ಮಿ ಮೌನಿಕಾಗೆ ಉಡಿಸತೊಡಗಿದಳು. ಹುಡುಗಿಯ ಮೈ ತಣ್ಣಗಿತ್ತು. ಅರಿಶಿನದ ವಾಸನೆ. ರಮಾದೇವಿ ಮಂಚದ ತುದಿಯಲ್ಲಿ ಕೂತಿದ್ದರು. ಬ್ಲೌಸಿನ ಬೆನ್ನಿನ ಹುಕ್ಕುಗಳನ್ನು ಹಾಕುವ ಹಾಗೆ ಮಾಡುತ್ತಾ ಮುನಿಲಕ್ಷ್ಮಿ ಚಿಕ್ಕ ಕತ್ತರಿಯಿಂದ ಮೂರು ಹುಕ್ಕಿನ ದಾರ ಕತ್ತರಿಸಿದಳು.

‘ಹುಕ್ಕು ಬಿಟ್ಟೈತೆ ರಮಕ್ಕ. ಹೊಲೀಬೇಕು.’

‘ಪಿನ್ ಹಾಕು.’

‘ರೇಷ್ಮೆ ಹರಿಯುತ್ತೆ. ಎರಡು ನಿಮಿಷ.’

ಸೂಜಿಗೆ ದಾರ ಪೋಣಿಸಲು ಅವಳಿಗೆ ನಾಲ್ಕು ಸಲ ಬೇಕಾಯಿತು. ಒಂದೊಂದು ಹುಕ್ಕಿಗೂ ಆರಾರು ಸುತ್ತು ಹಾಕಿದಳು. ಹೊರಗೆ ಕಾರಿನ ಹಾರನ್ ಒಂದು ಸಲ ಆಯಿತು. ಆಮೇಲೆ ಲಂಗದ ಸೊಂಟ ಸಡಿಲ ಎಂದಳು. ಬಿಚ್ಚಿ ಮತ್ತೆ ಹಿಡಿದಳು. ಇನ್ನೊಂದು ಸಲ ಹಾರನ್. ಏಳೂ ಮೂವತ್ತೈದು.

‘ಯಾಕೆ ಇಷ್ಟೊತ್ತು?’ ಎಂದರು ರಮಾದೇವಿ.

‘ರೇಷ್ಮೆ ಜಾರ್ತಾ ಐತೆ ರಮಕ್ಕ.’

ರಮಾದೇವಿ ಎದ್ದು ಬಂದರು. ಅವಳ ಕೈಯಿಂದ ಸೂಜಿಯನ್ನು ಮೆತ್ತಗೆ ತೆಗೆದುಕೊಂಡರು. ಕತ್ತರಿಯನ್ನೂ ತೆಗೆದುಕೊಂಡರು. ನೆಲದ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ನೋಡಿದರು. ಅವು ಕತ್ತರಿಸಿದ ದಾರ, ಬಿಟ್ಟುಹೋದ ದಾರವಲ್ಲ.

‘ನೀನು ಏನ್ ಮಾಡ್ತಾ ಇದೀಯಾಂತ ನಂಗೆ ಗೊತ್ತು ಕಣೇ’ ಎಂದರು. ದನಿ ಎತ್ತರಿಸಲಿಲ್ಲ. ಹುಡುಗಿಯ ರಟ್ಟೆ ಹಿಡಿದು ನಡೆಸಿಕೊಂಡು ಹೊರಟರು. ಬಾಗಿಲ ಹೊರಗೆ ನಿಂತು, ‘ನೀನೂ ಬಾ. ಕಾರಲ್ಲಿ ಮಾತಾಡೋಣ’ ಎಂದರು.

ಮೂವರೂ ಅಂಗಳ ದಾಟಿದರು. ಮೂರ್ತಿ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದಿದ್ದ. ಮೌನಿಕಾ ಒಂದು ಕಾಲು ಒಳಗಿಟ್ಟಿದ್ದಳು. ಆಗ ಗೇಟಿಗೆ ಅಡ್ಡವಾಗಿ ಜೀಪು ಬಂದು ನಿಂತಿತು. ಹತ್ತು ನಿಮಿಷ ತಡವಾಗಿದ್ದರೆ ಆ ಕಾರು ಗಡಿಯ ದಾರಿ ಹಿಡಿದಿರುತ್ತಿತ್ತು, ಕಾರಿನಲ್ಲಿ ಮುನಿಲಕ್ಷ್ಮಿಯೂ ಇರುತ್ತಿದ್ದಳು.

‘ಹುಡುಗಿ ಜೀಪಿನ ಕಡೆ ನಡ್ಕೊಂಡು ಹೋದಳು ಮೇಡಂ’ ಎಂದು ಆಮೇಲೆ ಅವಳು ನನಗೆ ಹೇಳಿದಳು. ‘ಲಂಗ ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಒಂದು ಸುಕ್ಕಿಲ್ಲ. ಮೈಗೇ ಹುಟ್ಟಿದ ಹಂಗಿತ್ತು. ಅದನ್ನ ನೋಡೇ ನಂಗೆ ಹೆದರಿಕೆ ಆಗಿದ್ದು.’

ದೊಡ್ಡನಾರಾಯಣಪ್ಪ, ರಮಾದೇವಿ, ಮೂರ್ತಿ ಮೂವರ ಮೇಲೂ ಕೇಸಾಯಿತು, ಜಾಮೀನೂ ಆಯಿತು. ಲಂಗ, ಬ್ಲೌಸು, ದಾವಣಿ ಮೂರನ್ನೂ ಸಾಕ್ಷ್ಯಕ್ಕೆಂದು ತೆಗೆದುಕೊಂಡು ಹೋದರು. ಅವು ಈಗಲೂ ಎಲ್ಲೋ ಒಂದು ಗಂಟಿನಲ್ಲಿ ಇರಬೇಕು. ಮುನಿಲಕ್ಷ್ಮಿಗೆ ಮಾರ್ಚಿಗೆ ತೋರಿಸಲು ಏನೂ ಉಳಿಯಲಿಲ್ಲ. ಐದು ವಾರದಲ್ಲಿ ಸಹಪಾಠಿಯೊಬ್ಬಳಿಗೆ ಒಂದು ಸಾದಾ ಕಾಟನ್ ಉಡುಪು ಹೊಲಿದಳು. ಪರೀಕ್ಷಕರು, ಅರ್ಧ ವರ್ಷದ ಕೆಲಸ ಎಲ್ಲಿ ಎಂದು ಕೇಳಿದಾಗ, ‘ಗಿರಾಕಿ ಬಿಟ್ಟೋದ್ರು’ ಎಂದಳು. ನಾನು ಬಾಯಿ ತೆರೆಯಹೊರಟೆ, ಬೇಡ ಎಂದು ಕಣ್ಣಲ್ಲೇ ತಡೆದಳು. ಎರಡನೇ ದರ್ಜೆ ಬಂತು.

ಭಾರತಮ್ಮ ಅವರ ಮನೆಗೆ ಬರುವುದನ್ನು ನಿಲ್ಲಿಸಿದರು. ಬಚ್ಚಮ್ಮನಿಗೆ ಬರುತ್ತಿದ್ದ ಕೆಲವು ಗಿರಾಕಿಗಳು ಕಾರಣ ಹೇಳದೆ ಬಟ್ಟೆ ವಾಪಸ್ ಕೇಳಿದರು. ಬೇಸಿಗೆಯ ಒಂದು ಬೆಳಿಗ್ಗೆ ಬಚ್ಚಮ್ಮ ಕಸ ಗುಡಿಸಲು ಬಾಗಿಲು ತೆಗೆದರೆ ಅಂಗಳದ ತುಂಬ ತಾಮ್ರದ ಬಣ್ಣದ ರೇಷ್ಮೆಯ ಚೂರುಗಳು. ಕತ್ತರಿಸಿ ಉಳಿದ ಬಟ್ಟೆಯನ್ನು ಮುನಿಲಕ್ಷ್ಮಿ ರಮಾದೇವಿಗೆ ವಾಪಸ್ ಕೊಟ್ಟಿದ್ದಳು. ಅದನ್ನು ಯಾರೋ ಉಗುರಿನಷ್ಟು ಉಗುರಿನಷ್ಟು ಸಣ್ಣಗೆ ಕತ್ತರಿಸಿದ್ದರು. ಬಹಳ ಹೊತ್ತು ಕೂತು ಮಾಡುವ ಕೆಲಸ. ಬಚ್ಚಮ್ಮ ಎಲ್ಲವನ್ನೂ ಗುಡಿಸಿ ತೆಗೆದರು. ಯಾರಿಗೂ ಹೇಳಲಿಲ್ಲ.

ಮೌನಿಕಾಳನ್ನು ಮೊದಲು ಬಾಲಕಿಯರ ಮಂದಿರದಲ್ಲಿ, ಆಮೇಲೆ ಹಾಸ್ಟೆಲಿನಲ್ಲಿ ಇಟ್ಟರು. ಮುನಿಲಕ್ಷ್ಮಿ ನೋಡಲು ಹೋದರೆ ಎರಡು ತಿಂಗಳು ಅವಳು ಹೊರಗೆ ಬರಲೇ ಇಲ್ಲ. ಮೂರನೆಯ ತಿಂಗಳು ಬಂದು, ‘ನಂಗೆ ಮದುವೆ ಬೇಡ ಅಂದೆ. ಮನೆ ಬೇಡ ಅನ್ಲಿಲ್ಲ’ ಎಂದು ಅತ್ತಳು. ಮುನಿಲಕ್ಷ್ಮಿ ಪಕ್ಕದಲ್ಲಿ ಕೂತಳು. ಮುಂದಿನ ತಿಂಗಳೂ ಹೋದಳು. ಇವಳು ಹಾಗೆ ಹೋಗುತ್ತಿದ್ದಂತೆ ಹುಡುಗಿ ಮಾತಾಡಲು ಶುರುಮಾಡಿದಳು, ಹತ್ತನೇ ಕ್ಲಾಸಿಗೂ ಬಂದಳು.

ಈಗ ಮುನಿಲಕ್ಷ್ಮಿ ಮುಳಬಾಗಿಲಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದಾಳೆ. ಮದುವೆ ಬಟ್ಟೆ ಒಪ್ಪಿಕೊಳ್ಳುವ ಮುಂಚೆ ಹುಡುಗಿಯ ಆಧಾರ್ ಕೇಳುತ್ತಾಳೆ. ಕೆಲವರು ಬೈದು ಎದ್ದು ಹೋಗುತ್ತಾರೆ.

ಈ ವರ್ಷ ಕೋಲಾರದಲ್ಲಿ ಮೌನಿಕಾಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಆರು ದಿನವೂ ಮುನಿಲಕ್ಷ್ಮಿ ಅಂಗಡಿ ಮುಚ್ಚಿ ಬಂದಳು, ನಾನೂ ಹೋದೆ. ಮೊದಲ ದಿನವೇ ರಸ್ತೆಯ ಆಚೆ, ಹೊಂಗೆ ಮರದ ಕೆಳಗೆ, ಬೈಕಿಗೆ ಒರಗಿಕೊಂಡು ಮೂರ್ತಿ ನಿಂತಿದ್ದ. ಎರಡನೆಯ ದಿನವೂ ಇದ್ದ. ಮೂರನೆಯ ದಿನ ಮುನಿಲಕ್ಷ್ಮಿ ರಸ್ತೆ ದಾಟಿ ನೇರ ಅವನ ಮುಂದೆ ಹೋಗಿ ನಿಂತಳು. ನಾನೂ ಹಿಂದೆ ಓಡಿದೆ.

‘ಯಾಕಣ್ಣ ಇಲ್ಲಿ ಬರ್ತೀರ?’

‘ನಮ್ ಹುಡುಗಿ ಪರೀಕ್ಷೆ ಬರೀತಾವ್ಳೆ. ನೋಡ್ಕೊಂಡು ಹೋಗಣಾಂತ’ ಎಂದ ಅವನು, ಅದೇ ಮೆಲ್ಲನೆ ದನಿಯಲ್ಲಿ. ‘ನಾನೇನಾದ್ರೂ ಗಲಾಟೆ ಮಾಡಿದೀನಾ? ಹದಿನೆಂಟು ತುಂಬ್ಲಿ. ಅಲ್ಲೀವರ್ಗೂ ಬೇರೆ ಹುಡುಗೀನ ನಾನೂ ನೋಡಲ್ಲ. ನಂಗೇನೂ ಅವಸರ ಇಲ್ಲ.’

ನಾವು ಪೊಲೀಸರಿಗೆ ಹೇಳಿದೆವು. ಅವರು ಬಂದು ಎಚ್ಚರಿಕೆ ಕೊಟ್ಟರು. ಮಾರನೆಯ ದಿನ ಅವನು ಮರ ಬಿಟ್ಟು ಇನ್ನೂರು ಗಜ ಆಚೆಯ ಟೀ ಅಂಗಡಿಯಲ್ಲಿ ಕೂತಿದ್ದ.

ಕೊನೆಯ ದಿನ ಮೌನಿಕಾ ಹೊರಗೆ ಬಂದವಳು ಅವನ ಕಡೆ ನೋಡಲಿಲ್ಲ. ‘ಮೇಡಂ, ಪಿಯುಸಿಗೆ ದೂರದ ಊರಲ್ಲಿ ಸೀಟು ಸಿಗುತ್ತಾ?’ ಎಂದು ಕೇಳಿದಳು. ಎಷ್ಟು ದೂರ ಎಂದೆ. ‘ಬೆಳಿಗ್ಗೆ ಹೊರಟು ಸಂಜೆಯೊಳಗೆ ಬಂದು ಹೋಗಕ್ಕಾಗದಷ್ಟು.’ ಧಾರವಾಡದಲ್ಲಿ ನನ್ನ ಸ್ನೇಹಿತೆಯೊಬ್ಬಳಿದ್ದಾಳೆ, ವಿಚಾರಿಸುತ್ತೇನೆ ಎಂದೆ. ಮುನಿಲಕ್ಷ್ಮಿ ಅವಳ ಬ್ಯಾಗು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

ಮೂವರೂ ಆಟೋ ಹತ್ತಿದೆವು. ಹಿಂದೆ ಬೈಕೊಂದು ಸ್ಟಾರ್ಟ್ ಆದದ್ದು ನನಗೆ ಕೇಳಿಸಿತು. ಕ್ಲಾಕ್ ಟವರ್‌ವರೆಗೂ ಅದು ನಮ್ಮ ಹಿಂದೆಯೇ ಇತ್ತು. ಅಲ್ಲಿಂದ ಮುಂದೆ ರಸ್ತೆ ತುಂಬ ಬೈಕುಗಳು. ಅವನದು ಯಾವುದು ಎಂದು ತಿಳಿಯಲಿಲ್ಲ. ಹುಡುಗಿಯರಿಬ್ಬರೂ ಧಾರವಾಡದ ಚಳಿ ಹೇಗಿರುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಹಾಸ್ಟೆಲಿನ ತಿರುವು ಬಂದಾಗ ನಾನು ಆಟೋದವನಿಗೆ, ಇಲ್ಲಿ ತಿರುಗಿಸಬೇಡ, ಇನ್ನೊಂದು ಸುತ್ತು ಹೋಗಪ್ಪ ಎಂದೆ.